ಬೋರಲು ಹಡಗಿನಡಿಯಲ್ಲಿ ಪ್ರಾರ್ಥನೆ

ಫ್ರಾನ್ಸಿನ ಉತ್ತರ ಕರಾವಳಿಯಲ್ಲಿ, ಸೇನ್ ನದಿಯು ಸಮುದ್ರವನ್ನು ಸೇರುವೆಡೆ, ಓನ್‌ಫ್ಲರ್ ಎಂಬ ಪುರಾತನ ಬಂದರು ಪಟ್ಟಣವಿದೆ. ಅಲ್ಲಿನ ಸಂತ ಕ್ಯಾಥರೀನಳ ದೇವಾಲಯವನ್ನು ಪ್ರವೇಶಿಸಿ ತಲೆಯೆತ್ತಿದಾಗ ನನಗೆ ಕಂಡದ್ದು ಕಲ್ಲಿನ ಕಮಾನಲ್ಲ. ಅಕ್ಕಪಕ್ಕದಲ್ಲಿ ಬೋರಲು ಹಾಕಿದ ಎರಡು ಹಡಗುಗಳಂತಹ ಮರದ ಛಾವಣಿ!

ಹಿಂದೆ ಇಲ್ಲಿದ್ದ ಕಲ್ಲಿನ ದೇವಾಲಯವು ನೂರು ವರ್ಷಗಳ ಯುದ್ಧದಲ್ಲಿ ನಾಶವಾಯಿತು. 1453ರಲ್ಲಿ ಯುದ್ಧ ಮುಗಿದಾಗ, ಊರಿನ ಹಡಗು ಕಟ್ಟುವ ಬಡಗಿಗಳು ಓಕ್ ಮರಗಳನ್ನು ತಂದು, ತಮಗೆ ತಿಳಿದಿದ್ದ ವಿದ್ಯೆಯಿಂದಲೇ ದೇವರಿಗೆ ಮನೆ ಕಟ್ಟಿದರು. ಜನ ಹೆಚ್ಚಿದಾಗ ಮೊದಲನೆಯದರ ಪಕ್ಕದಲ್ಲೇ ಎರಡನೆಯ ಅಂಕಣವನ್ನು ಸೇರಿಸಿದರು. ಘಂಟಾಗೋಪುರವನ್ನು ಮಾತ್ರ ಚೌಕದ ಆಚೆಗೆ ಪ್ರತ್ಯೇಕವಾಗಿ ನಿಲ್ಲಿಸಿದರು. ಐದು ಶತಮಾನಗಳು ಕಳೆದರೂ ಆ ಮರದ ಮನೆ ನಿಂತಿದೆ. ದೇವಾಲಯದ ನಡುಅಂಕಣಕ್ಕೆ ಲತೀನಿನಲ್ಲಿ ಹಡಗೆಂದೇ ಹೆಸರು. ಇಲ್ಲಿ ಆ ಹೆಸರು ಅಕ್ಷರಶಃ ನಿಜವಾಗಿದೆ.

ಸಂತ ಕ್ಯಾಥರೀನಳು ತತ್ತ್ವಜ್ಞಾನಿಗಳ ಪಾಲಕಿ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದ ನನಗೆ, ಆಕೆಯ ಆಲಯದಲ್ಲಿ ಪಾಠ ಹೇಳಿದವರು ಬಡಗಿಗಳು.

ಪ್ರಿಯರೇ, "ನಾನು ಓದಿದವನಲ್ಲ ಸ್ವಾಮಿ, ದೇವರ ಕೆಲಸಕ್ಕೆ ನನ್ನಿಂದೇನಾದೀತು?" ಎಂದು ಹಿಂದೆ ಸರಿದವರು ನಮ್ಮಲ್ಲಿ ಅನೇಕರು. ಅವರನ್ನು ಮತ್ತೆ ಕರೆಯದೆ ಸುಮ್ಮನಿದ್ದ ಗುರುಗಳಲ್ಲಿ ನಾನೂ ಒಬ್ಬ. ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವಿನ ಮುಂದೆ ಈ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಇನ್ನು ಮುಂದೆ ಅವರ ಮನೆಗಳಿಗೆ ಹೋದಾಗ "ಏನು ಕೊಡುವಿರಿ?" ಎಂದು ಕೇಳಲಾರೆ, "ನಿಮಗೆ ಯಾವ ಕೆಲಸ ಬರುತ್ತದೆ?" ಎಂದು ಕೇಳುವೆ.