ಹಿಮಮಾನವನಿಂದ ಮಂಕಿ ಮ್ಯಾನ್‌ವರೆಗೆ: ದಂತಕಥೆಯ ವಾನರಗಳ ಬಗೆಗಿನ ತಪ್ಪು ಕಲ್ಪನೆ ಮತ್ತು ಸತ್ಯ

ಎರಡು ಕಾಲ ಮೇಲೆ ನಡೆಯುವ, ಮೈತುಂಬ ರೋಮವಿರುವ ದೈತ್ಯ ವಾನರವೊಂದು ದಟ್ಟ ಕಾಡಿನಲ್ಲೋ ಹಿಮಬೆಟ್ಟಗಳ ಮಧ್ಯದಲ್ಲೋ ಅಡಗಿದೆ ಎಂಬ ನಂಬಿಕೆ ಹಲವು ಖಂಡಗಳಲ್ಲಿದೆ. ನೇಪಾಳ ಮತ್ತು ಟಿಬೆಟ್‌ನಲ್ಲಿ ಅದು ಯೇತಿ, ಭೂತಾನದಲ್ಲಿ ಮಿಗೋಯಿ, ಮೇಘಾಲಯದ ಗಾರೋ ಬೆಟ್ಟಗಳಲ್ಲಿ ಮಾಂಡೆ ಬುರುಂಗ್, ಚೀನಾದ ಹುಬೈ ಪ್ರಾಂತ್ಯದಲ್ಲಿ ಯೆರೆನ್, ಉತ್ತರ ಅಮೆರಿಕದಲ್ಲಿ ಬಿಗ್‌ಫುಟ್. ಸುಮಾತ್ರಾದ ಓರಾಂಗ್ ಪೆಂಡೆಕ್ ಮಾತ್ರ ಗಿಡ್ಡ ಜಾತಿಯದು. ಇವುಗಳಲ್ಲಿ ಒಂದನ್ನೂ ಪ್ರಾಣಿಶಾಸ್ತ್ರ ಈವರೆಗೆ ಪ್ರಭೇದವೆಂದು ಒಪ್ಪಿಲ್ಲ. ಒಪ್ಪಬೇಕಾದರೆ ಪರೀಕ್ಷೆಗೆ ಒಡ್ಡಬಹುದಾದ ಪುರಾವೆ ಬೇಕು: ದೇಹ, ಮೂಳೆ, ಹಲ್ಲು, ಡಿಎನ್‌ಎ, ಅಥವಾ ಸಂಶಯಕ್ಕೆ ಎಡೆಯಿಲ್ಲದ ಚಿತ್ರಗಳು. ಪುರಾವೆಯೆಂದು ಜನ ಮುಂದಿಟ್ಟ ವಸ್ತುಗಳಿಗೆ ಕೊರತೆಯೇನಿಲ್ಲ. ಅವು ಪ್ರಯೋಗಾಲಯ ತಲುಪಿದಾಗ ಏನಾಯಿತು ಎಂಬುದು ಅಷ್ಟಾಗಿ ಸುದ್ದಿಯಾಗಲಿಲ್ಲ.

ತಪ್ಪು ಕಲ್ಪನೆ 1: ಹಿಮದಲ್ಲಿ ಮೂಡಿದ ಭಾರೀ ಹೆಜ್ಜೆಗುರುತುಗಳೇ ಯೇತಿ ಇರುವುದಕ್ಕೆ ಸಾಕ್ಷಿ

ಸತ್ಯ: 1921ರಲ್ಲಿ ಎವರೆಸ್ಟ್‌ಗೆ ದಾರಿ ಹುಡುಕಲು ಹೋದ ಬ್ರಿಟಿಷ್ ತಂಡದ ನಾಯಕ ಚಾರ್ಲ್ಸ್ ಹೊವಾರ್ಡ್-ಬರಿ ಲಕ್ಪಾ ಲಾ ಎಂಬಲ್ಲಿ ಮನುಷ್ಯನ ಪಾದದಂಥ ಗುರುತುಗಳನ್ನು ಕಂಡರು. ಅವು ಹಿಮಮಾನವನವು ಎಂದು ಜತೆಗಿದ್ದ ಹೊರೆಯಾಳುಗಳು ಹೇಳಿದರು. ತೋಳದವಿರಬೇಕು ಎಂದು ಹೊವಾರ್ಡ್-ಬರಿ ಭಾವಿಸಿದರು. ಪತ್ರಿಕೆಗಳು ಎತ್ತಿಕೊಂಡದ್ದು ಹಿಮಮಾನವನನ್ನು. 1951ರಲ್ಲಿ ಎರಿಕ್ ಶಿಪ್ಟನ್ ಮತ್ತು ಮೈಕೆಲ್ ವಾರ್ಡ್ ಮೆನ್ಲುಂಗ್ ಹಿಮನದಿಯ ಮೇಲೆ ತೆಗೆದ ಸುಮಾರು 13 ಇಂಚಿನ ಪಾದದ ಗುರುತಿನ ಚಿತ್ರ ಜಗತ್ತನ್ನೇ ಸುತ್ತಿತು.

ಹಿಮದ ಮೇಲಿನ ಗುರುತು ಮೂಡಿದ ಅಳತೆಯಲ್ಲೇ ಉಳಿಯುವುದಿಲ್ಲ. ಬಿಸಿಲಿಗೆ ಅಂಚುಗಳು ಕರಗಿ ಹಿಗ್ಗುತ್ತವೆ, ರಾತ್ರಿಯ ಚಳಿಗೆ ಮತ್ತೆ ಗಟ್ಟಿಯಾಗುತ್ತವೆ. ಕರಡಿ ನಡೆಯುವಾಗ ಅದರ ಹಿಂಗಾಲು ಮುಂಗಾಲು ಊರಿದ ಜಾಗದ ಮೇಲೆಯೇ ಭಾಗಶಃ ಬೀಳುವುದುಂಟು. ಆಗ ಎರಡು ಗುರುತು ಸೇರಿ ಒಂದೇ ಉದ್ದ ಪಾದವಾಗಿ ತೋರುತ್ತದೆ, ನಾಲ್ಕು ಕಾಲಿನ ಪ್ರಾಣಿ ಎರಡು ಕಾಲಿನಲ್ಲಿ ನಡೆದುಹೋದಂತೆ ಕಾಣುತ್ತದೆ. 2019ರ ಏಪ್ರಿಲ್‌ನಲ್ಲಿ ಭಾರತೀಯ ಸೇನೆ ಮಕಾಲು ಬೇಸ್ ಕ್ಯಾಂಪ್ ಬಳಿ ಕಂಡ, 32 ಇಂಚು ಉದ್ದ ಮತ್ತು 15 ಇಂಚು ಅಗಲದ ಗುರುತುಗಳ ಚಿತ್ರವನ್ನು ಟ್ವಿಟರ್‌ನಲ್ಲಿ ಹಾಕಿತು. ಆ ಭಾಗದಲ್ಲಿ ಓಡಾಡುವ ಕಾಡುಕರಡಿಯ ಹೆಜ್ಜೆಗಳವು ಎಂದು ಸ್ಥಳೀಯರು ತಿಳಿಸಿದ್ದಾಗಿ ನೇಪಾಳದ ಸೇನೆ ಸ್ಪಷ್ಟಪಡಿಸಿತು.

ತಪ್ಪು ಕಲ್ಪನೆ 2: ಹಿಮಾಲಯದ ಬೌದ್ಧ ಮಠಗಳಲ್ಲಿ ಯೇತಿಯ ಅವಶೇಷಗಳಿವೆ

ಸತ್ಯ: ನೇಪಾಳದ ಖುಮ್‌ಜುಂಗ್ ಮಠದಲ್ಲಿ ಯೇತಿಯದ್ದೆಂದು ಕಾಪಾಡಿಕೊಂಡು ಬಂದಿರುವ, ಮೇಲಕ್ಕೆ ಚೂಪಾದ ನೆತ್ತಿಯ ಚರ್ಮವೊಂದಿದೆ. 1960ರಲ್ಲಿ ಎಡ್ಮಂಡ್ ಹಿಲರಿ ನೇತೃತ್ವದ ತಂಡ ಅದನ್ನು ಎರವಲು ಪಡೆದು, ಊರಿನ ಹಿರಿಯ ಖುಂಜೋ ಚುಂಬಿ ಅವರ ಜತೆಯಲ್ಲೇ ಷಿಕಾಗೊ, ಪ್ಯಾರಿಸ್ ಮತ್ತು ಲಂಡನ್‌ಗೆ ಒಯ್ದಿತು. ತಜ್ಞರು ರೋಮ, ಚರ್ಮ ಎರಡನ್ನೂ ನೋಡಿದರು. ಅದು ಸೆರೋ ಎಂಬ, ಹಿಮಾಲಯದ ಮೇಕೆಯಂಥ ಕಾಡುಪ್ರಾಣಿಯ ತೊಗಲನ್ನು ಅಚ್ಚಿಗೆ ಕೂರಿಸಿ ಮಾಡಿದ ವಸ್ತುವಾಗಿತ್ತು.

ಪಾಂಗ್‌ಬೊಚೆ ಮಠದ 'ಯೇತಿಯ ಕೈ'ಯ ಕಥೆ ಇನ್ನಷ್ಟು ಸ್ವಾರಸ್ಯದ್ದು. 1950ರ ದಶಕದ ಕೊನೆಯಲ್ಲಿ ಸಾಹಸಯಾತ್ರಿ ಪೀಟರ್ ಬೈರ್ನ್ ಅದರ ಬೆರಳೊಂದನ್ನು ತೆಗೆದು ಅಲ್ಲಿ ಮನುಷ್ಯನ ಮೂಳೆ ಜೋಡಿಸಿದರು. ಹಾಲಿವುಡ್ ನಟ ಜೇಮ್ಸ್ ಸ್ಟೀವರ್ಟ್ ನೆರವಿನಿಂದ ಆ ಬೆರಳು ಗುಟ್ಟಾಗಿ ಲಂಡನ್ ಸೇರಿತು. 2011ರಲ್ಲಿ ಎಡಿನ್‌ಬರೋದಲ್ಲಿ ಡಿಎನ್‌ಎ ಪರೀಕ್ಷೆ ನಡೆದಾಗ ಅದೂ ಮನುಷ್ಯನ ಬೆರಳೇ ಎಂದು ತಿಳಿಯಿತು. ಗಾರೋ ಬೆಟ್ಟಗಳಲ್ಲಿ ಸಿಕ್ಕ ಮಾಂಡೆ ಬುರುಂಗ್‌ನ 'ರೋಮ' 2008ರಲ್ಲಿ ಪರೀಕ್ಷೆಗೆ ಹೋಯಿತು. ಅದು ಗೋರಲ್ ಎಂಬ ಇನ್ನೊಂದು ಬೆಟ್ಟದ ಪ್ರಾಣಿಯದ್ದಾಗಿತ್ತು.

ತಪ್ಪು ಕಲ್ಪನೆ 3: ಡಿಎನ್‌ಎ ಪರೀಕ್ಷೆಯಲ್ಲಿ ಅಜ್ಞಾತ ಜೀವಿಯೊಂದರ ಸುಳಿವು ಸಿಕ್ಕಿದೆ

ಸತ್ಯ: ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ಯೇತಿ, ಬಿಗ್‌ಫುಟ್ ಮೊದಲಾದವುಗಳದೆನ್ನಲಾದ ಕೂದಲುಗಳನ್ನು ವಸ್ತುಸಂಗ್ರಹಾಲಯಗಳಿಂದಲೂ ಖಾಸಗಿಯವರಿಂದಲೂ ತರಿಸಿಕೊಂಡು 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 30 ಮಾದರಿಗಳ ಗುರುತು ಸಿಕ್ಕಿತು. ಕರಡಿ, ಕುದುರೆ, ಹಸು, ನಾಯಿ ಅಥವಾ ತೋಳ ಹೀಗೆ ಗೊತ್ತಿರುವ ಪ್ರಾಣಿಗಳೇ ಹೊರಬಿದ್ದವು. ಹೊಸ ವಾನರ ಒಂದೂ ಇರಲಿಲ್ಲ. ಲಡಾಖ್ ಮತ್ತು ಭೂತಾನದ ಎರಡು ಮಾದರಿಗಳು ಮಾತ್ರ ಪ್ರಾಚೀನ ಹಿಮಕರಡಿಯೊಂದಕ್ಕೆ ಹೊಂದುತ್ತವೆ ಎಂದು ಅವರು ಬರೆದದ್ದು ದೊಡ್ಡ ಸುದ್ದಿಯಾಯಿತು. ಇತರ ವಿಜ್ಞಾನಿಗಳು ಅದೇ ಮಾಹಿತಿಯನ್ನು ಮರುಪರಿಶೀಲಿಸಿದಾಗ ಅವೆರಡೂ ಹಿಮಾಲಯದ ಕಂದುಕರಡಿಯವು ಎಂದು ಕಂಡುಬಂತು.

2017ರಲ್ಲಿ ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಷಾರ್ಲಟ್ ಲಿಂಡ್‌ಕ್ವಿಸ್ಟ್ ತಂಡ ಇನ್ನೂ ವಿವರವಾದ ಪರೀಕ್ಷೆ ನಡೆಸಿತು. ಮೂಳೆ, ಹಲ್ಲು, ಚರ್ಮ, ರೋಮ, ಮಲ ಸೇರಿ ಯೇತಿಯದೆನ್ನಲಾದ 9 ಮಾದರಿಗಳಲ್ಲಿ 8 ಕರಡಿಯವು, 1 ನಾಯಿಯದು. ಹಿಮಾಲಯದ ಕಂದುಕರಡಿ ಉಳಿದ ಕಂದುಕರಡಿಗಳಿಂದ ಸುಮಾರು 6.5 ಲಕ್ಷ ವರ್ಷಗಳ ಹಿಂದೆಯೇ ಕವಲೊಡೆದ ಪ್ರತ್ಯೇಕ ವಂಶ ಎಂಬ ಹೊಸ ಸಂಗತಿಯೂ ಇದೇ ಅಧ್ಯಯನದಿಂದ ತಿಳಿಯಿತು. ಅಳಿವಿನಂಚಿನಲ್ಲಿರುವ ಆ ಕರಡಿಯ ಸಂರಕ್ಷಣೆಗೆ ಈ ತಿಳಿವಳಿಕೆ ಬೆಲೆಯುಳ್ಳದ್ದು.

ತಪ್ಪು ಕಲ್ಪನೆ 4: ಜೈಗಾಂಟೊಪಿಥೆಕಸ್ ಎಂಬ ದೈತ್ಯ ವಾನರದ ಸಂತತಿಯೇ ಯೇತಿ, ಬಿಗ್‌ಫುಟ್

ಸತ್ಯ: ಜೈಗಾಂಟೊಪಿಥೆಕಸ್ ಕಟ್ಟುಕಥೆಯಲ್ಲ. 1935ರಲ್ಲಿ ಹಾಂಗ್‌ಕಾಂಗ್‌ನ ಔಷಧದ ಅಂಗಡಿಯಲ್ಲಿ 'ಡ್ರ್ಯಾಗನ್ ಹಲ್ಲು' ಎಂದು ಮಾರಾಟಕ್ಕಿಟ್ಟ ಭಾರೀ ದವಡೆಹಲ್ಲು ಪಳೆಯುಳಿಕೆ ತಜ್ಞ ಫಾನ್ ಕೋನಿಗ್ಸ್‌ವಾಲ್ಡ್ ಅವರ ಕಣ್ಣಿಗೆ ಬಿತ್ತು. ಆಮೇಲೆ ಚೀನಾದಲ್ಲಿ ನಾಲ್ಕು ಕೆಳದವಡೆಗಳೂ ಎರಡು ಸಾವಿರದಷ್ಟು ಬಿಡಿ ಹಲ್ಲುಗಳೂ ಸಿಕ್ಕವು. ಕಾಲು, ಪಾದ, ಸೊಂಟದ ಮೂಳೆ ಯಾವುದೂ ಸಿಕ್ಕಿಲ್ಲ. ಹಾಗಾಗಿ ಅದು ನೆಟ್ಟಗೆ ನಿಂತು ನಡೆಯುತ್ತಿತ್ತು ಎನ್ನುವುದಕ್ಕೆ ಆಧಾರವಿಲ್ಲ.

ಹಲ್ಲಿನ ಎನಾಮಲ್‌ನಿಂದ ಪ್ರೋಟೀನ್ ಬೇರ್ಪಡಿಸಿ 2019ರಲ್ಲಿ ಮಾಡಿದ ವಿಶ್ಲೇಷಣೆ, ಅದು ಒರಾಂಗುಟಾನ್‌ನ ದೂರದ ಬಂಧು ಎಂದು ತೋರಿಸಿತು. ದಕ್ಷಿಣ ಚೀನಾದ ಗುಹೆಗಳ ಮಣ್ಣು ಮತ್ತು ಹಲ್ಲುಗಳ ಕಾಲನಿರ್ಣಯ ಮಾಡಿದ 2024ರ ಅಧ್ಯಯನದ ಪ್ರಕಾರ ಈ ಪ್ರಾಣಿ 2.95 ಲಕ್ಷದಿಂದ 2.15 ಲಕ್ಷ ವರ್ಷಗಳ ಹಿಂದೆ ಅಳಿದುಹೋಯಿತು. ಋತುಮಾನಗಳ ಏರಿಳಿತ ಹೆಚ್ಚಿ ಕಾಡು ಬದಲಾದಾಗ ಅದು ಆಹಾರ ಬದಲಿಸಿಕೊಳ್ಳಲಾರದೆ ಹೋಯಿತು. ಬೆಚ್ಚನೆಯ ಕಾಡನ್ನೇ ನೆಚ್ಚಿದ್ದ ಪ್ರಾಣಿ ಹಿಮಬೆಟ್ಟ ಹತ್ತಿ ಬದುಕಿತು ಎಂಬ ವಾದಕ್ಕೆ ಒಂದು ಹಲ್ಲಿನ ಬೆಂಬಲವೂ ಇಲ್ಲ.

ತಪ್ಪು ಕಲ್ಪನೆ 5: ಬಿಗ್‌ಫುಟ್‌ನ ಹೆಜ್ಜೆ ಸಿಕ್ಕಿದೆ, ಚಲನಚಿತ್ರವೂ ಇದೆ, ಇನ್ನೇನು ಬೇಕು?

ಸತ್ಯ: ಬಿಗ್‌ಫುಟ್ ಎಂಬ ಹೆಸರು ಮನೆಮಾತಾದದ್ದು 1958ರಲ್ಲಿ, ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಬಳಿ ರಸ್ತೆ ಕೆಲಸದ ಜಾಗದಲ್ಲಿ ದೈತ್ಯ ಹೆಜ್ಜೆಗಳು ಕಂಡಾಗ. ಆ ಕೆಲಸದ ಗುತ್ತಿಗೆದಾರ ರೇ ವಾಲೆಸ್ 2002ರಲ್ಲಿ ತೀರಿಕೊಂಡ ಮೇಲೆ, ಮರದಲ್ಲಿ ಕೆತ್ತಿಸಿದ ಪಾದಗಳನ್ನು ಕಾಲಿಗೆ ಕಟ್ಟಿಕೊಂಡು ಆ ಹೆಜ್ಜೆ ಮೂಡಿಸಿದ್ದು ಅವರೇ ಎಂದು ಮನೆಯವರು ಬಹಿರಂಗಪಡಿಸಿದರು. 1967ರ ಅಕ್ಟೋಬರ್‌ನಲ್ಲಿ ಅದೇ ಬ್ಲಫ್ ಕ್ರೀಕ್‌ನಲ್ಲಿ ರೋಜರ್ ಪ್ಯಾಟರ್ಸನ್ ಮತ್ತು ಬಾಬ್ ಗಿಮ್ಲಿನ್ ಚಿತ್ರೀಕರಿಸಿದ, ಒಂದು ನಿಮಿಷದಷ್ಟೂ ಇಲ್ಲದ ದೃಶ್ಯದ ಬಗ್ಗೆ ವಾದ ಇನ್ನೂ ನಿಂತಿಲ್ಲ. ಅದರ ಜತೆಗೆ ಮೂಳೆಯಾಗಲಿ ರೋಮವಾಗಲಿ ಸಿಗದ ಕಾರಣ, ವೇಷ ತೊಟ್ಟ ಮನುಷ್ಯನಲ್ಲ ಎಂದು ಸಾಧಿಸಲು ಅದು ಸಾಲದು.

ಪಾಂಗ್‌ಬೊಚೆಯ ಬೆರಳು ತೆಗೆದ ಪೀಟರ್ ಬೈರ್ನ್ ಮುಂದೆ ಬಿಗ್‌ಫುಟ್‌ನ ಬೆನ್ನುಹತ್ತಿ, ಚರ್ಮದ ಚೂರಿಗೆ ಅಂಟಿದ್ದ ಕೂದಲನ್ನು ಅಮೆರಿಕದ ಎಫ್‌ಬಿಐಗೆ ಕಳಿಸಿದರು. 1977ರಲ್ಲಿ ಬಂದ ಫಲಿತಾಂಶ: ಜಿಂಕೆ ಜಾತಿಯ ಪ್ರಾಣಿಯದು. ಬಿಗ್‌ಫುಟ್ ಕಂಡೆವೆಂಬ ವರದಿಗಳನ್ನು ನಕ್ಷೆಯ ಮೇಲೆ ಗುರುತಿಸಿದ 2009ರ ಅಧ್ಯಯನವೊಂದರಲ್ಲಿ, ಅವು ಬಂದ ಪ್ರದೇಶಗಳೂ ಅಮೆರಿಕದ ಕಪ್ಪುಕರಡಿಯ ನೆಲೆಗಳೂ ಬಹುತೇಕ ಒಂದಕ್ಕೊಂದು ಹೊಂದಿದವು. ಈ ಕರಡಿ ಹಿಂಗಾಲ ಮೇಲೆ ನಿಂತು ಸುತ್ತ ನೋಡುವುದು ಸಾಮಾನ್ಯ.

ತಪ್ಪು ಕಲ್ಪನೆ 6: ದಕ್ಷಿಣ ಅಮೆರಿಕದಲ್ಲಿ ಬಾಲವಿಲ್ಲದ ವಾನರವನ್ನು ಕೊಂದು ಫೋಟೊ ತೆಗೆಯಲಾಗಿದೆ

ಸತ್ಯ: ತೈಲ ನಿಕ್ಷೇಪ ಹುಡುಕುತ್ತಿದ್ದ ಸ್ವಿಸ್ ಭೂವಿಜ್ಞಾನಿ ಫ್ರಾಂಸ್ವಾ ದ ಲ್ವಾ ಕೊಲಂಬಿಯಾ-ವೆನೆಜುವೆಲಾ ಗಡಿಯಲ್ಲಿ ತೆಗೆದ ಫೋಟೊ ಇದು. ಸತ್ತ ಪ್ರಾಣಿಯನ್ನು ಪೆಟ್ಟಿಗೆಯೊಂದರ ಮೇಲೆ ಕೂರಿಸಿ ಗದ್ದಕ್ಕೆ ಕೋಲು ಆನಿಸಲಾಗಿದೆ. 1929ರಲ್ಲಿ ಮಾನವಶಾಸ್ತ್ರಜ್ಞ ಜಾರ್ಜ್ ಮೊಂತಾಂದೊ ಪೆಟ್ಟಿಗೆಯ ಅಳತೆಯಿಂದ ಎತ್ತರ ಲೆಕ್ಕಹಾಕಿ, ಇದು ಅಮೆರಿಕದ ಮೊದಲ ವಾನರವೆಂದು ಸಾರಿ, ಅದಕ್ಕೊಂದು ವೈಜ್ಞಾನಿಕ ಹೆಸರನ್ನೂ ಇಟ್ಟರು. ಬೇರೆ ಬೇರೆ ಜನಾಂಗಗಳು ಬೇರೆ ಬೇರೆ ವಾನರಗಳಿಂದ ಬಂದವು ಎಂಬ ತಮ್ಮ ಜನಾಂಗವಾದಿ ಸಿದ್ಧಾಂತಕ್ಕೆ ಅಮೆರಿಕದಲ್ಲೊಂದು ವಾನರ ಅವರಿಗೆ ಬೇಕಾಗಿತ್ತು.

ಉದ್ದನೆಯ ಕೈಕಾಲು ಮತ್ತು ಮುಖಲಕ್ಷಣದಿಂದ ತಜ್ಞರು ಅದನ್ನು ಸ್ಪೈಡರ್ ಮಂಕಿ ಎಂದು ಗುರುತಿಸಿದ್ದಾರೆ. ಈ ಕೋತಿಗೆ ಉದ್ದದ ಬಾಲವಿದೆ. ಫೋಟೊದಲ್ಲಿ ಬೆನ್ನ ಹಿಂಬದಿ ಕಾಣುವುದೇ ಇಲ್ಲ. ಅದು ದ ಲ್ವಾ ಸಾಕಿದ್ದ ಕೋತಿ, ಬಾಲವನ್ನು ಕತ್ತರಿಸಲಾಗಿತ್ತು ಎಂದು ಆ ಕಾಲದಲ್ಲಿ ಅಲ್ಲಿದ್ದ ವೆನೆಜುವೆಲಾದ ವೈದ್ಯ ಎನ್ರಿಕೆ ತೆಹೇರಾ 1962ರಲ್ಲಿ ಪತ್ರಿಕೆಯೊಂದಕ್ಕೆ ಬರೆದು ತಿಳಿಸಿದರು.

ತಪ್ಪು ಕಲ್ಪನೆ 7: ದೆಹಲಿಯ 'ಮಂಕಿ ಮ್ಯಾನ್' ನೂರಾರು ಜನ ಕಣ್ಣಾರೆ ಕಂಡ ಪ್ರಾಣಿ

ಸತ್ಯ: 2001ರ ಮೇ ತಿಂಗಳಲ್ಲಿ ಗಾಜಿಯಾಬಾದ್ ಮತ್ತು ಪೂರ್ವ ದೆಹಲಿಯಲ್ಲಿ, ರಾತ್ರಿ ಕೋತಿಯಂಥ ಜೀವಿಯೊಂದು ಮೇಲೆರಗಿ ಪರಚುತ್ತದೆ ಎಂಬ ಸುದ್ದಿ ಹಬ್ಬಿತು. ಬಿಸಿಲ ಬೇಗೆ, ವಿದ್ಯುತ್ ಕಡಿತ. ಜನ ಮಾಳಿಗೆ ಮೇಲೆ ಮಲಗುವ ಕಾಲ. ಪೊಲೀಸರಿಗೆ ನೂರಾರು ಕರೆಗಳು ಬಂದವು. ಒಬ್ಬರು ಹೇಳಿದ ರೂಪ ಇನ್ನೊಬ್ಬರ ಮಾತಿಗೆ ತಾಳೆಯಾಗಲಿಲ್ಲ: ಕೆಲವರ ಪ್ರಕಾರ ಅದಕ್ಕೆ ಕಬ್ಬಿಣದ ಉಗುರು, ಕೆಲವರ ಪ್ರಕಾರ ಹೆಲ್ಮೆಟ್, ಇನ್ನು ಕೆಲವರ ಪ್ರಕಾರ ಎದೆಯ ಮೇಲೆ ಗುಂಡಿಗಳು. ಗಾಬರಿಯಿಂದ ಓಡಿ ಮಾಳಿಗೆಯಿಂದ ಬಿದ್ದು ಸತ್ತವರೂ ಇದ್ದರು. ಮಾಹಿತಿ ಕೊಟ್ಟವರಿಗೆ 50,000 ರೂಪಾಯಿ ಬಹುಮಾನ ಘೋಷಿಸಿದರೂ ಏನೂ ಸಿಗಲಿಲ್ಲ. ಪೊಲೀಸರೂ ತಜ್ಞರೂ ವಿಚಾರಣೆ ನಡೆಸಿ, ಇದು ಸಾಮೂಹಿಕ ಭೀತಿಯ ಪರಿಣಾಮ ಎಂಬ ತೀರ್ಮಾನಕ್ಕೆ ಬಂದರು. ಹೇಳಿಕೆಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಪುರಾವೆ ಬಲಗೊಳ್ಳುವುದಿಲ್ಲ ಎಂಬುದಕ್ಕೆ ಈ ಪ್ರಕರಣ ಸ್ಪಷ್ಟ ನಿದರ್ಶನ.

ತಪ್ಪು ಕಲ್ಪನೆ 8: ವಿಜ್ಞಾನಿಗಳು ಸ್ಥಳೀಯರ ಮಾತಿಗೆ ಕಿವಿಗೊಡುವುದಿಲ್ಲ, ಅದಕ್ಕೇ ಈ ವಾನರಗಳು ದಾಖಲಾಗಿಲ್ಲ

ಸತ್ಯ: ಸ್ಥಳೀಯರ ಮಾತಿನ ಜಾಡು ಹಿಡಿದು ದಾಖಲಾದ ಕೋತಿಗಳು ಹಲವು. ಚಹಾ ತೋಟಗಾರ ಇ.ಪಿ. ಗೀ ಅಸ್ಸಾಂ-ಭೂತಾನ ಗಡಿಯಲ್ಲಿ ಹೊಂಬಣ್ಣದ ಮುಸುವವಿದೆ ಎಂಬ ಸುದ್ದಿ ಹಿಡಿದು 1953ರಲ್ಲಿ ಹುಡುಕಿ ಹೋದರು. 1956ರಲ್ಲಿ ಅದು ಹೊಸ ಪ್ರಭೇದವೆಂದು ದಾಖಲಾಯಿತು. ಅರುಣಾಚಲ ಪ್ರದೇಶದ ಮೋನ್ಪಾ ಜನ 'ಮುನ್ ಜಾಲಾ' ಎಂದು ಕರೆಯುವ ಕೋತಿಯನ್ನು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನ ಸಂಶೋಧಕರು 2005ರಲ್ಲಿ ವರ್ಣಿಸಿದರು. ಸ್ಥಳೀಯರ ಹೆಸರೇ 'ಮಕಾಕಾ ಮುಂಜಾಲಾ' ಎಂಬ ವೈಜ್ಞಾನಿಕ ಹೆಸರಾಯಿತು. ಟಾಂಜಾನಿಯಾದ ಹಳ್ಳಿಗರು ಮಾತನಾಡಿಕೊಳ್ಳುತ್ತಿದ್ದ ಕಿಪುಂಜಿ ಎಂಬ ಕೋತಿಯೂ ಅದೇ ವರ್ಷ ಚಿತ್ರಗಳ ಸಮೇತ ಪ್ರಕಟವಾಯಿತು. ಬಳಿಕ ರೈತರೊಬ್ಬರ ಬೋನಿಗೆ ಬಿದ್ದು ಸತ್ತ ಕಿಪುಂಜಿಯ ದೇಹ ಸಿಕ್ಕಾಗ, 2006ರಲ್ಲಿ ಅದಕ್ಕೆ ಪ್ರತ್ಯೇಕ ಕುಲವನ್ನೇ ರಚಿಸಲಾಯಿತು.

ಈ ಕೋತಿಗಳ ವಿಷಯದಲ್ಲಿ ಸುದ್ದಿ ಕೇಳಿದ ಕೆಲವೇ ವರ್ಷಗಳಲ್ಲಿ ಪುರಾವೆ ಕೈಗೆ ಬಂತು. ಯೇತಿಯ ಕಥೆ ಹಾಗಲ್ಲ. ನೇಪಾಳದಲ್ಲಿ ತಮ್ಮ ಕೆಲಸಗಾರರು ರೋಮಮಯ ಜೀವಿಯನ್ನು ಕಂಡು ಹೆದರಿದರೆಂದು ಬ್ರಿಟಿಷ್ ಅಧಿಕಾರಿ ಬಿ.ಎಚ್. ಹಾಡ್ಜ್‌ಸನ್ ಬರೆದದ್ದು 1832ರಲ್ಲಿ. ಅಲ್ಲಿಂದ ಈಚೆಗೆ ಒಂದು ಹಲ್ಲೂ ಸಿಕ್ಕಿಲ್ಲ. ಯಾವ ಪ್ರಾಣಿಯೂ ಒಂಟಿಯಾಗಿ ಶತಮಾನಗಳ ಕಾಲ ಉಳಿಯಲಾರದು. ಸಂತತಿ ಮುಂದುವರಿಯಲು ಗಂಡು, ಹೆಣ್ಣು, ಮರಿಗಳಿರುವ ಗುಂಪುಗಳು ಬೇಕು. ಅಂಥ ಗುಂಪುಗಳಿದ್ದಲ್ಲಿ ಮೂಳೆ, ಮಲ, ರೋಮ ಉಳಿದೇ ಉಳಿಯುತ್ತವೆ. ಅವುಗಳಲ್ಲಿ ಒಂದಾದರೂ ಸಿಕ್ಕಿ ಪರೀಕ್ಷೆಯಲ್ಲಿ ಗೆದ್ದರೆ ಯೇತಿಯನ್ನು ದಾಖಲಿಸಲು ವಿಜ್ಞಾನಕ್ಕೆ ಅಡ್ಡಿಯಿಲ್ಲ. ಈವರೆಗೆ ಸಿಕ್ಕವುಗಳ ಪೈಕಿ ಹೆಚ್ಚಿನವು ಕರಡಿಯವು.