ಶಹಾಬಾದಿನ ಕಲ್ಲು, ಚಿಂಚೋಳಿಯ ಬುಗ್ಗಿ

ವಾರದ ದಿನಗಳನ್ನೆಲ್ಲ ಕಚೇರಿಗೆ ಒಪ್ಪಿಸಿ ದಣಿದವರು, ಉಳಿದ ಎರಡು ದಿನಗಳಲ್ಲಿ ಪರವೂರೊಂದಕ್ಕೆ ಹೋಗಿ, ಹಗಲೆಲ್ಲ ಚಿತ್ರಶಾಲೆ ವಸ್ತುಸಂಗ್ರಹಾಲಯಗಳಲ್ಲಿ ಕಳೆದು, ಸಂಜೆ ಭೂಗರ್ಭದಿಂದ ಉಕ್ಕುವ ಬಿಸಿನೀರಿನಲ್ಲಿ ಕೊರಳಮಟ ಮುಳುಗಿ ಕುಳಿತು ಮರಳುವ ಪದ್ಧತಿ ಯೂರೋಪಿನಲ್ಲಿ ಬಹುಕಾಲದಿಂದ ಉಂಟು. ಬುಡಾಪೆಸ್ಟಿನ ಸೆಚೆನಿ ಸ್ನಾನಗೃಹ ಬಾಗಿಲು ತೆರೆದದ್ದು 1913ರಲ್ಲಿ. ಇಂಗ್ಲೆಂಡಿನ ಬಾತ್ ಪಟ್ಟಣಕ್ಕಂತೂ ಸ್ನಾನವೇ ನಾಮಧೇಯ. ಅಂಥ ಹನ್ನೊಂದು ಊರುಗಳನ್ನು ಯುನೆಸ್ಕೊ 2021ರಲ್ಲಿ ಒಟ್ಟಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇದನ್ನೆಲ್ಲ ಓದಿಕೊಂಡಿದ್ದ ಬೆಂಗಳೂರಿನ ಮಿತ್ರರೊಬ್ಬರು, “ನಿಮ್ಮ ಕಲಬುರಗಿ ಸೀಮೆಯಲ್ಲಿ ಹೀಗೊಂದು ಊರುಂಟೇನು?” ಎಂದು ನಗುತ್ತಲೇ ಕೇಳಿದರು. ಬಿಸಿನೀರಿನ ಚಿಲುಮೆಯೊಂದನ್ನು ಬಿಟ್ಟು ಉಳಿದುದೆಲ್ಲವೂ ಉಂಟೆಂದು ವಾದಿಸಿದ ತಪ್ಪಿಗೆ, ಪುಷ್ಯಮಾಸದ ಒಂದು ಶನಿವಾರ ಬೆಳಗಿನ ಜಾವದಲ್ಲಿ, ಕಂಬಳಿ ಹೊದ್ದು ವಾಡಿ ಜಂಕ್ಷನ್ನಿನಲ್ಲಿ ಅವರ ದಾರಿ ಕಾಯುವ ಯೋಗ ನನ್ನದಾಯಿತು.

ಉಷ್ಣಜಲದ ವಿಚಾರವನ್ನು ಮೊದಲೇ ಹೇಳಿ ಮುಗಿಸುವುದು ಲೇಸು. ಮಳೆಯ ನೀರು ಬಿರುಕುಗಳ ಮೂಲಕ ನೆಲದಾಳಕ್ಕೆ ಇಳಿದಂತೆಲ್ಲ, ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿಯಷ್ಟು ಬಿಸಿಯೇರುತ್ತದೆ. ಹಾಗೆ ಕಾದ ನೀರು ತಣಿಯುವ ಮೊದಲೇ ಮೇಲಕ್ಕೆ ಬರಲು ದಾರಿ ಸಿಕ್ಕಿದರೆ ಅಲ್ಲಿ ಬಿಸಿನೀರಿನ ಬುಗ್ಗೆ ಹುಟ್ಟುತ್ತದೆ. ಕರ್ನಾಟಕದಲ್ಲಿ ಈ ಭಾಗ್ಯಕ್ಕೆ ಹೆಸರಾದದ್ದು ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರುತೀರ್ಥ. ಭೀಮೆ ಕಾಗಿಣೆಯರ ಈ ಸುಣ್ಣಕಲ್ಲಿನ ನಾಡಿಗೆ ಅದು ಲಭಿಸಲಿಲ್ಲ. ಲಭಿಸಿದ್ದು ಕಲ್ಲು.

ಆ ಕಲ್ಲನ್ನು ಕುರಿತು ತುಸು ವಿಸ್ತರಿಸಿ ಹೇಳಬೇಕು. ಶಹಾಬಾದಿನ ಗಣಿಗಳಲ್ಲಿ ಈ ಸುಣ್ಣಕಲ್ಲು ಪದರಪದರವಾಗಿ, ಯಾರೋ ರೊಟ್ಟಿ ತಟ್ಟಿ ಒಂದರ ಮೇಲೊಂದು ಒಟ್ಟಿಟ್ಟಂತೆ ಮಲಗಿರುತ್ತದೆ. ಸಂದಿಗೆ ಉಳಿಯಿಟ್ಟು ಹೊಡೆದು ಎಬ್ಬಿಸಿದರೆ ಚಪ್ಪಟೆಯಾದ ಹಲಗೆಯೇ ಏಳುತ್ತದೆ. ಇದನ್ನೇ ನಮ್ಮವರು ಫರಸಿ ಎನ್ನುತ್ತಾರೆ. ನುಣುಪುಗೊಳಿಸಿದ ಫರಸಿ ಪಡಸಾಲೆಗಾದರೆ, ಕಾಲು ಜಾರದ ಒರಟು ಫರಸಿ ಬಚ್ಚಲಿಗೆ. ಎಷ್ಟೋ ಊರುಗಳ ಎಷ್ಟೋ ಮನೆಗಳಲ್ಲಿ ಜನರು ತಲೆಯ ಮೇಲೆ ನೀರು ಹೊಯ್ದುಕೊಳ್ಳುವುದು ಈ ಕಲ್ಲಿನ ಮೇಲೆ ಕುಳಿತೇ ಎಂಬುದನ್ನು ನೆನೆದರೆ, ಸ್ನಾನದ ಚರಿತ್ರೆಯಲ್ಲಿ ಶಹಾಬಾದಿಗೂ ಒಂದು ಮಣೆ ಸಲ್ಲಬೇಕು. ಅದೇ ಕಲ್ಲನ್ನು ಪುಡಿಮಾಡಿ, ಕುಲುಮೆಯಲ್ಲಿ ಸುಟ್ಟು, ವಾಡಿಯಲ್ಲಿ ಸಿಮೆಂಟು ಮಾಡುತ್ತಾರೆ. ಅದೇ ಕಲ್ಲಿನ ಮೇಲೆ, ಈಗ್ಗೆ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಕನಗನಹಳ್ಳಿಯ ಶಿಲ್ಪಿಗಳು ಬುದ್ಧನ ಕಥೆಯನ್ನು ಕೆತ್ತಿದರು.

ಆದರೆ ಕನಗನಹಳ್ಳಿಗೆ ಮುನ್ನ ನಾಗಾವಿ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಹಾಕಿದ ನಿಜಾಮರ ಹಳಿ ಚಿತ್ತಾಪುರ, ಮಳಖೇಡ ರೋಡ್, ಸೇಡಂಗಳನ್ನು ಒಂದೇ ದಾರದಲ್ಲಿ ಪೋಣಿಸಿಕೊಂಡು ಹೋಗುತ್ತದಾದುದರಿಂದ, ಸುಸಲಾ ಮಿರ್ಚಿ ತಿಂದು ಹೊರಟ ನಾವು ಬಿಸಿಲು ಏರುವ ಮೊದಲೇ ಚಿತ್ತಾಪುರದಲ್ಲಿದ್ದೆವು. ಊರಿಗೆ ತಾಗಿಕೊಂಡಂತಿರುವ ನಾಗಾವಿ ಇಂದು ಯಲ್ಲಮ್ಮನ ಜಾತ್ರೆಗೆ ಪ್ರಸಿದ್ಧ. ಚಾಲುಕ್ಯರ ಕಾಲದಲ್ಲಿ ಅದು ಘಟಿಕಾಸ್ಥಾನ. ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕ ಮಧುಸೂದನನು ಕಟ್ಟಿಸಿದ ಶಾಲೆಯನ್ನು ಕ್ರಿ.ಶ. 1058ರ ಶಾಸನ ಬಣ್ಣಿಸುತ್ತದೆ: ಇನ್ನೂರು ಮಂದಿ ವೇದಾಧ್ಯಾಯಿಗಳು, ಐವತ್ತಕ್ಕೆ ಕಡಿಮೆಯಿಲ್ಲದ ಶಾಸ್ತ್ರಾಧ್ಯಾಯಿಗಳು, ಅವರಿಗೆ ಉಪಾಧ್ಯಾಯರು, ಪುಸ್ತಕ ಕಾಯಲು ಆರು ಜನ ಸರಸ್ವತೀ ಭಂಡಾರಿಗರು. ಆರು ಜನ! ಇಂದಿನ ಕಾಲೇಜುಗಳ ಗ್ರಂಥಾಲಯಗಳಲ್ಲಿ ಒಬ್ಬರು ಸಿಕ್ಕರೆ ಪುಣ್ಯ. ಅರವತ್ತು ಕಂಬದ ಗುಡಿಯ ನೆರಳಿನಲ್ಲಿ ಕುಳಿತ ಮಿತ್ರರು ಈ ಅಂಕಿಯನ್ನು ಮತ್ತೆ ಮತ್ತೆ ಹೇಳಿಕೊಂಡರು.

ಸನ್ನತಿಯನ್ನು ಮುಟ್ಟುವ ಹೊತ್ತಿಗೆ ಭೀಮೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಚಂದ್ರಲಾಂಬೆಯ ಗುಡಿಯ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಡು 1986ರಲ್ಲಿ ಕುಸಿದಾಗ ಆದ ಶೋಧವನ್ನು ಚರಿತ್ರೆ ಬಲ್ಲವರೆಲ್ಲ ಬಲ್ಲರು: ದೇವಿಯ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಬ್ರಾಹ್ಮೀ ಅಕ್ಷರಗಳಿದ್ದವು, ಮೂರ್ತಿಯನ್ನು ನಿಲ್ಲಿಸಲೆಂದು ಯಾರೋ ನಡುವೆ ತೂತು ಕೊರೆದುದರಲ್ಲಿ ಕೆಲವು ಅಕ್ಷರಗಳು ಹೋಗಿಯೇಬಿಟ್ಟಿದ್ದವು. ಅದಕ್ಕೆ ಹಿಂದೆ ಧೌಲಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದ ವಿಶೇಷಶಾಸನಗಳು ಇಲ್ಲಿ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಶತಮಾನಗಳನ್ನು ಕಳೆದಿದ್ದವು. ಸಮೀಪದ ಕನಗನಹಳ್ಳಿಯ ದಿಬ್ಬವನ್ನು ತೊಂಬತ್ತರ ದಶಕದಲ್ಲಿ ಅಗೆದಾಗ ಹೊರಬಂದದ್ದು ‘ಅಧೋಲೋಕ ಮಹಾಚೈತ್ಯ’ವೆಂದು ತನ್ನ ಹೆಸರನ್ನು ತಾನೇ ಬರೆದುಕೊಂಡ ಮಹಾಸ್ತೂಪ. ಅಲ್ಲಿಯ ಫಲಕವೊಂದರಲ್ಲಿ ಅರಸನೊಬ್ಬ ರಾಣಿಯೊಡನೆ ನಿಂತಿದ್ದಾನೆ; ಚಾಮರಧಾರಿಣಿಯರು ಇದ್ದಾರೆ, ಕೊಡೆ ಹಿಡಿದವಳು ಇದ್ದಾಳೆ; ಕಲ್ಲಿನಲ್ಲಿ ‘ರಾಯೋ ಅಸೋಕೋ’ ಎಂಬ ಎರಡೇ ಪದ. ಹೆಸರು ಬರೆದಿಟ್ಟ ಅಶೋಕನ ಚಿತ್ರಕ್ಕೆ ಲೋಕವೆಲ್ಲ ಬರುವುದು ಈ ಫರಸಿಕಲ್ಲಿನ ಹೊಲಗಳ ನಡುವಿಗೆ. ಉದುರಿದ ಕಲ್ಲುಗಳನ್ನು ಮತ್ತೆ ಜೋಡಿಸುವ ಕೆಲಸವನ್ನು ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಈಚೆಗೆ ಕೈಕೊಂಡಿದೆ. ತಡವಾಯಿತೆಂಬುದು ನನ್ನ ಅಭಿಪ್ರಾಯ, ಆದರೂ ಆಯಿತಲ್ಲ.

ಆ ರಾತ್ರಿ ಶಹಾಬಾದಿನಲ್ಲಿ ಸೋದರತ್ತೆಯ ಮನೆ. ಹಿಂದೊಮ್ಮೆ ದೊಡ್ಡ ಊರಿನ ವಸತಿಗೃಹವೊಂದರಲ್ಲಿ, ಬಿಸಿನೀರು ಬೆಳಗ್ಗೆ ಆರರಿಂದ ಏಳರವರೆಗೆ ಮಾತ್ರವೆಂಬ ಫಲಕದ ಕೆಳಗೆ ಬಕೆಟ್ಟು ಹಿಡಿದು ನಿಂತಿದ್ದ ನನಗೆ, ಅತ್ತೆಯ ಬಚ್ಚಲೊಲೆಯ ಹೊಗೆಯೇ ಒಂದು ಸಾಂತ್ವನ. ರಾಶಿಯ ಕಾಲವಾದುದರಿಂದ ಹಿತ್ತಲ ತುಂಬ ತೊಗರಿಕಟ್ಟಿಗೆ. ಅದರ ಉರಿ ಚಟಚಟನೆ ಎದ್ದು, ತಾಮ್ರದ ಹಂಡೆಯ ತಳವನ್ನು ಒಮ್ಮೆಲೇ ನೆಕ್ಕಿ, ಅಷ್ಟೇ ಬೇಗನೆ ಇಳಿಯುತ್ತದೆ. “ನೀರು ಕಾದಾವ ತಮ್ಮಾ, ಲಗೂನ ಜಳಕಾ ಮಾಡ್ರಿ. ಇದು ತೊಗರಿಕಟಗಿ ಉರಿ, ಕಣ್ಣ ಮುಚ್ಚಿ ತೆಗ್ಯಾದ್ರಾಗ ಆರತದ” ಎಂದು ಅತ್ತೆ ಕೂಗಿದಳು. ಮಿತ್ರರು ಒರಟು ಫರಸಿಯ ಮೇಲೆ ಕುಳಿತು, ಶೇಂಗಾ ಎಣ್ಣೆ ತಿಕ್ಕಿಸಿಕೊಂಡು, ಚೆಂಬಿನಿಂದ ನೀರು ಹೊಯ್ದುಕೊಳ್ಳುತ್ತ ಅರ್ಧಗಂಟೆ ಹೊರಗೆ ಬರಲಿಲ್ಲ. ಕಲ್ಯಾಣದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಅರಸನ ಭೋಗಗಳ ನಡುವೆ ಸ್ನಾನಭೋಗವೂ ಸೇರಿದೆಯೆಂದೂ, ಸುಗಂಧತೈಲದ ಅಭ್ಯಂಗ, ಮರ್ದನ, ಬಿಸಿನೀರು ಇವೆಲ್ಲಕ್ಕೂ ಅಲ್ಲಿ ವಿಧಾನವುಂಟೆಂದೂ ನಾನು ಬಾಗಿಲ ಹೊರಗಿನಿಂದ ಹೇಳುತ್ತಿದ್ದೆ. ಒಳಗಿನಿಂದ ಉತ್ತರ ಬರಲಿಲ್ಲ; ನೀರಿನ ಸದ್ದು ಮಾತ್ರ ಬಂತು.

ಭಾನುವಾರ ಮಳಖೇಡ. ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ, ಪುಷ್ಪದಂತನು ಅಪಭ್ರಂಶದಲ್ಲಿ ಮಹಾಪುರಾಣ ಬರೆದ ಊರು, 972ರಲ್ಲಿ ಪರಮಾರ ಸೀಯಕನು ಸೂರೆಗೈದ ಪಟ್ಟಣ. ಇಷ್ಟನ್ನೆಲ್ಲ ಬಲ್ಲವನು ಅಲ್ಲಿಗೆ ಹೋದರೆ ಮನಸ್ಸು ಕುಗ್ಗದಿರದು. ಕಾಗಿಣೆಯ ದಡದ ಕೋಟೆಗಿಂತ ಸಿಮೆಂಟಿನ ಚಿಮಣಿ ಎತ್ತರ. ನೇಮಿನಾಥ ಬಸದಿಯಲ್ಲಿ 96 ಬಿಂಬಗಳ ಲೋಹಶಿಲ್ಪವೊಂದಿದೆ. ಅದನ್ನು ನೋಡಲೆಂದೇ ಹೋಗಬಹುದು. ನದಿಯಲ್ಲಿ, ಮಾಧ್ವಯತಿ ಟೀಕಾಚಾರ್ಯರ ದರ್ಶನಕ್ಕೆ ಬಂದ ಭಕ್ತರು ನಡುಗುತ್ತ ಮುಳುಗಿ ಏಳುತ್ತಿದ್ದರು. ಸೇಡಂನಲ್ಲಿ ಪಂಚಲಿಂಗೇಶ್ವರನಿಗೆ ಕೈಮುಗಿದು, ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬ್ಯಾಳಿಯ ಊಟ ಮುಗಿಸಿ ಉತ್ತರಕ್ಕೆ ತಿರುಗಿದೆವು.

ಚಿಂಚೋಳಿಯ ಕಡೆಗೆ ಹೋದಂತೆ ನೆಲ ಕೆಂಪಾಗುತ್ತದೆ, ಕಾಡು ತೋರುತ್ತದೆ. 2011ರಲ್ಲಿ ಈ ಕಾಡನ್ನು ವನ್ಯಜೀವಿಧಾಮವೆಂದು ಸಾರಿದರು. ಊರಿನ ಪಂಚಲಿಂಗ ಬುಗ್ಗಿಯನ್ನು ಮುಟ್ಟುವಾಗ ಸೂರ್ಯ ಮುಳುಗಿ, ಗಾಳಿಗೆ ಚಳಿ ಹತ್ತಿತ್ತು. ಬುಗ್ಗಿಯೆಂದರೆ ನಮ್ಮಲ್ಲಿ ಒರತೆ. ಗಡಿಯಾಚೆಯ ತೆಲುಗರಿಗೆ ಬುಗ್ಗ. ಮಿತ್ರರು ಚಪ್ಪಲಿ ಕಳಚಿ, ಅಂಜುತ್ತಂಜುತ್ತ ಕಾಲಿಟ್ಟು, ಹಿಂತೆಗೆಯದೆ ನಿಂತರು. “ಇದು ಬೆಚ್ಚಗಿದೆಯಲ್ಲ!” ಎಂದರು. ಹೌದು, ಆ ಹೊತ್ತಿಗೆ ಬೆಚ್ಚಗೇ ಇರುತ್ತದೆ. ನೆಲದೊಳಗಿನ ನೀರು ವರ್ಷದ ಬಿಸಿಲು ಚಳಿಗಳ ಸರಾಸರಿಯನ್ನು ಹಿಡಿದಿಟ್ಟುಕೊಂಡಿರುವುದರಿಂದ ವೈಶಾಖದಲ್ಲಿ ತಂಪಾಗಿಯೂ ಪುಷ್ಯದಲ್ಲಿ ಬೆಚ್ಚಗೂ ತೋರುತ್ತದೆ. ಬದಲಾಗುವುದು ನಮ್ಮ ಮೈ, ನೀರಲ್ಲ. ಇದನ್ನು ವಿವರಿಸಿದ ಮೇಲೂ ಅವರು, ಬಿಸಿನೀರಿನ ಬುಗ್ಗೆ ಇಲ್ಲವೆಂದು ನಾನು ಸುಳ್ಳು ಹೇಳಿದೆನೆಂಬ ಆಪಾದನೆಯನ್ನು ಹಿಂದೆಗೆದುಕೊಳ್ಳಲಿಲ್ಲ.

ಬರಬಯಸುವವರು ಕಾರ್ತಿಕದಿಂದ ಮಾಘದೊಳಗೆ ಬರತಕ್ಕದ್ದು; ಯುಗಾದಿ ಕಳೆದ ಮೇಲೆ ಇಲ್ಲಿಯ ಕಲ್ಲಿನ ಮೇಲೆ ಬರಿಗಾಲಿಡಲಾಗದು. ಚಿಂಚೋಳಿಗೆ ರೈಲಿಲ್ಲ, ಬಸ್ಸಿನಲ್ಲೇ ಹೋಗಬೇಕು. ಒಂದು ಪಂಚೆ ಹೆಚ್ಚಿಗೆ ತನ್ನಿ.