ಶನಿವಾರವಾಡೆ ತನ್ನ ದನಿ ಕಳೆದುಕೊಂಡ ಬಗೆ

ಊರಿನಿಂದ ನೆಂಟರು ಬಂದರೆ ನಾವು ಪುಣೆ ಕನ್ನಡಿಗರು ಮೊದಲು ತೋರಿಸುವುದು ಶನಿವಾರವಾಡೆಯನ್ನೇ. ದಿಲ್ಲಿ ದರವಾಜೆಯ ಮುಂದೆ ಫೋಟೊ ತೆಗೆಸಿಕೊಂಡು ಹೊರಡುತ್ತೇವೆ. ಈ ವಾಡೆಯ ಏಳುಬೀಳಿಗೂ ನಮ್ಮ ಶ್ರೀರಂಗಪಟ್ಟಣ, ಹರಿಹರ, ಸವಣೂರುಗಳಿಗೂ ಇರುವ ನಂಟು ಮಾತ್ರ ಹೆಚ್ಚು ಜನರಿಗೆ ಗೊತ್ತಿಲ್ಲ.

ನಾನಾ ಫಡ್ನವೀಸರ ಕಾಲದಲ್ಲಿ ಪುಣೆಯ ಸ್ನೇಹ ಎಲ್ಲರಿಗೂ ಬೇಕಿತ್ತು. 1787ರಲ್ಲಿ ಗಜೇಂದ್ರಗಡದಲ್ಲಿ ಟಿಪ್ಪುವಿನೊಡನೆ ಸಂಧಿ ಮಾಡಿಕೊಂಡ ಪೇಶ್ವೆ ಸರ್ಕಾರ, 1790ರಲ್ಲಿ ಅದೇ ಟಿಪ್ಪುವಿನ ವಿರುದ್ಧ ಇಂಗ್ಲಿಷರು ಮತ್ತು ನಿಜಾಮನ ಜೊತೆ ಕೈಜೋಡಿಸಿತು. ಸರಿಯೋ ತಪ್ಪೋ, ನಿರ್ಧಾರ ಪುಣೆಯದೇ ಆಗಿತ್ತು. ದಕ್ಷಿಣದಲ್ಲಿ ಮೂರು-ನಾಲ್ಕು ಬಲಗಳಿದ್ದುದರಿಂದಲೇ ಇಂಥ ಆಯ್ಕೆ ಸಾಧ್ಯವಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅದಕ್ಕೆ ಮೊದಲೇ ನಿಜಾಮ ಕಂಪನಿಯ ಸೈನ್ಯವನ್ನು ತನ್ನ ನೆಲದಲ್ಲಿ ಇಟ್ಟುಕೊಂಡಿದ್ದ. ಮರುವರ್ಷ ನಾನಾ ತೀರಿಕೊಂಡರು. ಇಂಗ್ಲಿಷರ ಎದುರು ತೂಗಲು ದಕ್ಷಿಣದಲ್ಲಿ ಇನ್ನೊಂದು ತಕ್ಕಡಿಯೇ ಉಳಿಯಲಿಲ್ಲ.

ಅಷ್ಟರಲ್ಲಿ ಮನೆಯೊಳಗೇ ಬೆಂಕಿ ಬಿತ್ತು. 1801ರಲ್ಲಿ ಎರಡನೇ ಬಾಜಿರಾಯ ವಿಠೋಜಿ ಹೋಳ್ಕರನನ್ನು ಪುಣೆಯಲ್ಲಿ ಕ್ರೂರವಾಗಿ ಕೊಲ್ಲಿಸಿದ. ವಿಠೋಜಿಯ ಸಹೋದರ ಯಶವಂತರಾವ್ ದಂಡೆತ್ತಿ ಬಂದ. 1802ರ ಅಕ್ಟೋಬರ್ 25ರಂದು, ದೀಪಾವಳಿಯ ಹೊತ್ತಿನಲ್ಲಿ, ಇಂದು ನಮ್ಮವರೆಷ್ಟೋ ಜನ ಐಟಿ ಕೆಲಸಕ್ಕೆ ಹೋಗುವ ಹಡಪ್ಸರ್ ಬಳಿ ಪೇಶ್ವೆ ಮತ್ತು ಸಿಂಧಿಯಾ ಸೇನೆ ಸೋತಿತು. ಬಾಜಿರಾಯ ಕೊಂಕಣಕ್ಕೆ ಓಡಿ, ಹಡಗಿನಲ್ಲಿ ವಸಯಿ ಸೇರಿ ಇಂಗ್ಲಿಷರ ಆಸರೆ ಪಡೆದ.

ಆಸರೆಯ ಬೆಲೆ ಡಿಸೆಂಬರ್ 31ರ ವಸಯಿ ಒಪ್ಪಂದದಲ್ಲಿದೆ: ಕಂಪನಿಯ ಪಲ್ಟನ್‌ಗಳು ಕಾಯಂ ಆಗಿ ಇರಬೇಕು, ಅವುಗಳ ಖರ್ಚಿಗೆ 26 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆ ಕೊಡಬೇಕು, ಕಂಪನಿಯನ್ನು ಕೇಳದೆ ಬೇರೆ ರಾಜ್ಯದೊಡನೆ ವ್ಯವಹರಿಸಬಾರದು. ಕೊಟ್ಟ ಸೀಮೆಯಲ್ಲಿ ನಮ್ಮ ಸವಣೂರು, ಬಂಕಾಪುರದ ಭಾಗಗಳೂ ಇದ್ದವು; ಮುಂದೆ ಬುಂದೇಲಖಂಡ ಪಡೆದು ಅವನ್ನು ಮರಳಿಸಿದರು. ಅಲ್ಲಿನ ರೈತರನ್ನು ಯಾರೂ ಕೇಳಲಿಲ್ಲ.

ಬಾಜಿರಾಯನನ್ನು ಮತ್ತೆ ಗಾದಿಗೇರಿಸಲು ಆರ್ಥರ್ ವೆಲ್ಲೆಸ್ಲಿ 1803ರ ಮಾರ್ಚ್‌ನಲ್ಲಿ ಹೊರಟದ್ದು ಎಲ್ಲಿಂದ? ಹರಿಹರದಿಂದ! ಜೊತೆಗೆ ಮೈಸೂರಿನ ಕುದುರೆ ಸವಾರರೂ ಇದ್ದರು. ಏಪ್ರಿಲ್ 20ಕ್ಕೆ ಪುಣೆ ತಲುಪಿದ. ಹನ್ನೊಂದು ವರ್ಷ ಹಿಂದೆ ಮೈಸೂರಿನ ಸೀಮೆಯನ್ನು ಪಾಲು ಹಂಚಿಕೊಂಡ ಪುಣೆಗೆ, ಈಗ ಮೈಸೂರಿನ ದಾರಿಯಿಂದಲೇ ಕಾವಲು ಬಂತು.

2022ರಲ್ಲಿ ಶ್ರೀಲಂಕಾದ ಅಧ್ಯಕ್ಷರು, 2024ರಲ್ಲಿ ಬಾಂಗ್ಲಾದೇಶದ ಪ್ರಧಾನಿ ದೇಶ ಬಿಟ್ಟು ಹೋದದ್ದನ್ನು ನಾವು ಟಿವಿಯಲ್ಲಿ ನೋಡಿದ್ದೇವೆ. ಅಂಥ ದಿನ ಸುತ್ತಲಿನ ದೇಶಗಳೆಲ್ಲ ತಮ್ಮ ಲೆಕ್ಕವನ್ನು ಹೊಸದಾಗಿ ಬರೆಯುತ್ತವೆ. ನೆರೆಯ ಬಲ ಕುಸಿದದ್ದನ್ನು ಲಾಭವೆಂದುಕೊಂಡು, ಮನೆಯ ಜಗಳವನ್ನೂ ಬಗೆಹರಿಸಿಕೊಳ್ಳದವನ ಲೆಕ್ಕವನ್ನು ಬೇರೆಯವರು ಬರೆಯುತ್ತಾರೆ. ಮುಂದಿನ ಸಲ ನೆಂಟರನ್ನು ವಾಡೆಗೆ ಕರೆದೊಯ್ದಾಗ ಹರಿಹರದ ಈ ಕಥೆಯನ್ನೂ ಹೇಳಿ.